ಭಾವನ ಗಿಂಬಲ್ಲು, ಅಕ್ಕನ ಫೋಟೊ

ನಮ್ಮ ಭಾವನಿಗೆ ಬದುಕಿರುವವರ ಫೋಟೊ ತೆಗೆಯಲು ಬರುವುದಿಲ್ಲ. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ನ್ಯಾಮತಿ, ಹೊನ್ನಾಳಿ ಕಡೆ ಅವರು ತೆಗೆದ ಯಾವ ಮದುವೆ ಆಲ್ಬಮ್ ಬೇಕಾದರೂ ಬಿಡಿಸಿ ನೋಡಿ. ಮದುಮಗ ಕಣ್ಣು ಮುಚ್ಚಿರುತ್ತಾನೆ, ಮದುಮಗಳು ಸೀನುತ್ತಿರುತ್ತಾಳೆ, ಬೀಗರು ಅರ್ಧಕ್ಕೇ ಕತ್ತರಿಸಿಹೋಗಿರುತ್ತಾರೆ. ನನ್ನ ಮದುವೆಯದೂ ಇವರದೇ ಕೈಚಳಕ. ಅದರಲ್ಲಿ ನನ್ನ ಗಂಡನಿಗಿಂತ ಅಡುಗೆಯವನು ಚೆನ್ನಾಗಿ ಬಂದಿದ್ದಾನೆ!

ಆದರೆ ಸಾವಿನ ಮನೆಯಲ್ಲಿ ಭಾವನನ್ನು ಮೀರಿಸುವವರಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸಿ, ಹಿಂದೆ ಮನೆಮಂದಿಯೆಲ್ಲ ನಿಂತು ಕೊನೆಯದೊಂದು ಫೋಟೊ ತೆಗೆಸುತ್ತಾರೆ. ನ್ಯಾಮತಿಯಲ್ಲಿ ಸ್ಟುಡಿಯೋ ಇಟ್ಟುಕೊಂಡ ಭಾವ ಮೂವತ್ತು ವರ್ಷ ಆ ಕೆಲಸ ಮಾಡಿದರು. ವಾಲಿದ ತಲೆಗೆ ಹಿಂದಿನಿಂದ ದಿಂಬು ಕೊಡುವುದು, ರುಮಾಲು ನೆಟ್ಟಗೆ ಮಾಡುವುದು, ಅಳುವವರನ್ನು ಎತ್ತರದ ಪ್ರಕಾರ ನಿಲ್ಲಿಸುವುದು, ಎಲ್ಲ ಅವರೇ.

"ಗಿರಾಕಿ ಅಂದ್ರೆ ಇವ್ರು ನೋಡವ್ವ" ಎಂದು ನನಗೆ ಹೇಳುತ್ತಿದ್ದರು. "ಅಲುಗಾಡಲ್ಲ, ಕಣ್ಣು ಪಿಳಿಪಿಳಿ ಅನ್ಸಲ್ಲ, ಇನ್ನೊಂದು ತೆಗೀರಿ ಅನ್ನಲ್ಲ. ಹೇಳಿದ ಮಾತು ಕೇಳ್ತಾರೆ!"

ಅಂಥವರ ಕೈಗೆ ನಡುಕ ಬಂತು. ಹೊನ್ನಾಳಿಯಲ್ಲಿ ಒಬ್ಬ ಅಜ್ಜನ ಕೊನೆಯ ಫೋಟೊ ತೆಗೆದು ತಂದು ನೋಡಿದರೆ ಇಡೀ ಚಿತ್ರವೇ ಅಳ್ಳಾಡಿಹೋಗಿದೆ. ಅಜ್ಜನಿಗೆ ಎರಡು ಮೂಗು, ಮೂರು ವಿಭೂತಿ ಪಟ್ಟೆ ಇದ್ದಲ್ಲಿ ಆರು. ಅಜ್ಜನ ಮಗ ಪ್ರಿಂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದನಂತೆ. ಆಮೇಲೆ ಮೆಲ್ಲಗೆ ಕೇಳಿದನಂತೆ: "ಯಾಕ್ರೀ, ನಮ್ಮಪ್ಪ ಅಲುಗಾಡಿದ್ನಾ? ಇನ್ನೂ ಜೀವ ಇತ್ತೇನ್ರೀ? ನಾವು ಅವಸರ ಮಾಡಿಬಿಟ್ವಾ?"

ನನಗೆ ಇದನ್ನು ಕೇಳಿ ನಗು ತಡೆಯಲಾಗಲಿಲ್ಲ. ಭಾವ ನಗಲಿಲ್ಲ. ಅಂದೇ ಸ್ಟುಡಿಯೋ ಬಾಗಿಲು ಎಳೆದರು. ದಾವಣಗೆರೆಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದು ಹೆಚ್ಚಾಗುತ್ತದೆಯೇ ಹೊರತು ಹೋಗುವುದಿಲ್ಲ ಅಂದರು.

ಅದೇ ವರ್ಷ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕಷ್ಟ ಒಂಟಿಯಾಗಿ ಬರುತ್ತದೆಯೇ? ಆಪರೇಷನ್ನಿಗೂ ಮೀರಿದ್ದು, ಇನ್ನು ಕೆಲವು ತಿಂಗಳು ಅಷ್ಟೆ ಅಂದುಬಿಟ್ಟರು. ನಾನು ಆಸ್ಪತ್ರೆಯ ಕಂಬ ಹಿಡಿದು ಅತ್ತೆ. ಅಕ್ಕ ಅಳಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಂಡವಳೇ ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

"ನಂದೊಂದು ಫೋಟೊ ತೆಗೀರಿ. ಜೀವ ಇರುವಾಗ್ಲೇ. ಊರ ಹೆಣಕ್ಕೆಲ್ಲ ತೆಗೆದ್ರಿ, ಕಟ್ಕೊಂಡೋಳದ್ದು ಒಂದೂ ಇಲ್ಲ. ಗೋಡೆಗೆ ಆಧಾರ್ ಕಾರ್ಡಿನ ಫೋಟೊ ದೊಡ್ಡದು ಮಾಡಿ ಹಾಕಿದ್ರೆ ಮೇಲಿಂದ ಇಳಿದು ಬಂದು ಹೊಡೀತೀನಿ!"

"ಕೈ ನಿಲ್ಲಲ್ಲ ಕಣೇ. ಬೇರೆ ಯಾರ್ನಾದ್ರೂ ಕರೆಸ್ತೀನಿ."

"ಬ್ಯಾಡ. ನೀವೇ ತೆಗೀಬೇಕು" ಅಂದಳು ಅಕ್ಕ. ಮಾತು ಅಲ್ಲಿಗೆ ಮುಗಿಯಿತು.

ಹದಿನೈದು ದಿನ ಕಳೆದು ಚನ್ನಗಿರಿಯ ನನ್ನ ಮನೆಯಿಂದ ನಾನು ಅಕ್ಕನಿಗೆ ಅಡುಗೆ ಮಾಡಿಹಾಕಲು ಹೋದರೆ, ನಡುಮನೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಅದರ ತಲೆಯ ಮೇಲೆ ಬಾಗಿದ ಕಬ್ಬಿಣದ ತೋಳು, ತೋಳಿಗೆ ತೊಟ್ಟಿಲಿನ ಹಾಗೆ ತೂಗುಬಿದ್ದ ಮೊಳದುದ್ದದ ಲೆನ್ಸು. ಲೆನ್ಸು ಯಾರೋ ಹಕ್ಕಿ ಫೋಟೊದವನ ಹಳೆಯ ಮಾಲು. ತೋಳಿಗೆ ಗಿಂಬಲ್ ಅನ್ನುತ್ತಾರಂತೆ. ಒಳ್ಳೆಯ ಕಂಪನಿಯದು ಕೈಗೆಟುಕದೆ ಭಾವ ಅಗ್ಗದ್ದೊಂದನ್ನು ಪಾರ್ಸಲ್ ತರಿಸಿದ್ದರು.

"ಲೆನ್ಸನ್ನ ಹಿಂದೆ ಮುಂದೆ ಸರಿಸಿ ತೂಕ ಸರಿ ಮಾಡಿದ್ರೆ, ಎಲ್ಲಿ ಬಿಟ್ರೆ ಅಲ್ಲೇ ನಿಲ್ತೈತೆ ನೋಡು. ಭಾರ ಅದೇ ಹೊರ್ತೈತೆ, ನಾನು ಬರೀ ಕೈ ಇಟ್ರೆ ಸಾಕು. ಇಷ್ಟು ಭಾರಕ್ಕೆ ನನ್ನ ನಡುಕ ಯಾವ ಲೆಕ್ಕ?"

"ಅಯ್ಯೋ ಭಾವ, ಮೊಬೈಲ್ ನಿಲ್ಲಿಸಿ ಟೈಮರ್ ಹಾಕಿದ್ರೆ ಆಗಲ್ವಾ?"

"ಆಗ ತೆಗೆದದ್ದು ಟೈಮರ್ ಆಗ್ತೈತೆ. ಅವಳು ಕೇಳಿದ್ದು ನಾನು ತೆಗೆದದ್ದು."

ಅಗ್ಗದ ಮಾಲಿನ ಗುಣ ಬಿಟ್ಟೀತೇ? ತಿರುಪು ತನ್ನಷ್ಟಕ್ಕೆ ಸಡಿಲವಾಗಿ ಲೆನ್ಸು ಮೂಗು ಕೆಳಗೆ ಮಾಡಿ ತೂಕಡಿಸುತ್ತಿತ್ತು. ಮರುದಿನ ನಾನು ಬೇಳೆ ಇಟ್ಟರೆ ಕುಕ್ಕರ್ ಕೂಗಲೇ ಇಲ್ಲ! ಮುಚ್ಚಳ ತೆಗೆದು ನೋಡುತ್ತೇನೆ, ರಬ್ಬರೇ ಇಲ್ಲ. ಭಾವ ಅದನ್ನು ಕತ್ತರಿಸಿ ಗಿಂಬಲ್ಲಿನ ತಿರುಪಿಗೆ ಸುತ್ತಿಬಿಟ್ಟಿದ್ದರು. ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ. ಅಕ್ಕ ಮಲಗಿದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿಗೆ ನೋವು ಬಂದು ಕಣ್ಣಲ್ಲಿ ನೀರು ಇಳಿಯಿತು; ಆದರೂ ನಕ್ಕಳು.

ನೇರವಾಗಿ ಅಕ್ಕನ ಮೇಲೆ ಪ್ರಯೋಗ ಮಾಡಲು ಭಾವನಿಗೆ ಧೈರ್ಯವಿಲ್ಲ. ಕೈ ಕುದುರಲಿ ಅಂತ ಕೆರೆಬಿಳಚಿ ಹತ್ತಿರದ ಸೂಳೆಕೆರೆಗೆ ಹೋಗಿ ಹಕ್ಕಿಗಳ ಫೋಟೊ ತೆಗೆಯತೊಡಗಿದರು. ಒಂದು ದಿನ ನಾನೂ ಜೊತೆಗೆ ಹೋದೆ. ಸ್ಟ್ಯಾಂಡು ಹೂಡುತ್ತಿದ್ದ ಹಾಗೆ ನಾಲ್ಕು ಜನ ಸೇರಿದರು.

"ಸಾರ್, ಸರ್ವೆ ಏನ್ ಸಾರ್? ರೋಡ್ ಯಾವ ಕಡೆ ಬರ್ತೈತೆ? ನಮ್ಮ ತೋಟ ಉಳೀತೈತಾ?"

"ಹಕ್ಕಿ ಫೋಟೊ ತೆಗೆಯಾಕೆ ಬಂದೀನ್ರಪ್ಪ" ಅಂದರೆ ಯಾರು ನಂಬುತ್ತಾರೆ? ಒಬ್ಬ ಗುಟ್ಟಾಗಿ ನನ್ನನ್ನು ಪಕ್ಕಕ್ಕೆ ಕರೆದು, "ನೀವಾದ್ರೂ ನಿಜ ಹೇಳ್ರಿ ಮೇಡಮ್" ಅಂದ! ಭಾವ ಅಷ್ಟರಲ್ಲಿ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಯ ಮೇಲೆ ಗುರಿಯಿಟ್ಟು, ಹಳೆಯ ಅಭ್ಯಾಸದಂತೆ "ಗಲ್ಲ ಸ್ವಲ್ಪ ಮೇಲೆ" ಅನ್ನುತ್ತಿದ್ದರು. ಹಕ್ಕಿ ಹಾರಿಹೋಯಿತು. ತೆಗೆದ ಮೂವತ್ತೂ ಫೋಟೊ ಮಂಜು.

ಜಗಳೂರಿನ ಕುರುಚಲು ಕಾಡಿಗೂ ಹೋಗಿಬಂದರು. ನಾಲ್ಕು ಕೊಂಬಿನ ಕೊಂಡುಕುರಿ ಸಿಕ್ಕೀತೆಂದು ಇಡೀ ದಿನ ಬಿಸಿಲಲ್ಲಿ ಕೂತು ತಂದದ್ದು ಒಂದು ಜಾಲಿ ಗಿಡ. ಅದೂ ಮಂಜೇ. ಅಷ್ಟರಲ್ಲಿ ಅಕ್ಕನಿಗೆ ಗಂಜಿ ಕೂಡ ನಿಲ್ಲದಂತಾಗಿತ್ತು. ನನಗೆ ತಲೆ ಕೆಟ್ಟುಹೋಯಿತು.

"ಹೆಂಡ್ತಿ ಇಲ್ಲಿ ದಿನಾ ಸವೀತಾ ಅದಾಳೆ, ನೀವು ಊರೂರು ಅಲೀತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಅಂದುಬಿಟ್ಟೆ. ಅನ್ನಬಾರದಿತ್ತು.

ಭಾವ ಮರುದಿನವೂ ಸ್ಟ್ಯಾಂಡು ಹೆಗಲಿಗೇರಿಸಿ ಹೊರಟರು. ಒಂದು ವಾರದ ನಂತರ ಸೂಳೆಕೆರೆಯಿಂದ ಬಂದವರೇ ಕ್ಯಾಮೆರಾದ ಪರದೆಯನ್ನು ನನ್ನ ಮುಖಕ್ಕೆ ಹಿಡಿದರು. ಒಂದು ಬಕ. ಅದರ ಕಣ್ಣು ಸೂಜಿಯಲ್ಲಿ ಕೊರೆದಷ್ಟು ಸ್ಪಷ್ಟ. ಕ್ಯಾಮೆರಾ ಹಿಡಿದ ಕೈ ಮಾತ್ರ ಗಡಗಡ ನಡುಗುತ್ತಿತ್ತು.

"ನಾಳೆ ತೆಗೀತೀನಿ" ಅಂದರು.

ನಾಳೆ ಬಂದಾಗ ಹೊಸ ತಕರಾರು. ಆ ಲೆನ್ಸಿಗೆ ಹತ್ತಿರದ್ದು ಕಾಣುವುದೇ ಇಲ್ಲ! ಅಂಗಳದಲ್ಲಿ ನಿಂತರೆ ಅಕ್ಕನ ಮೂಗುತಿ ಮಾತ್ರ, ಅದೂ ಕಲೆಸಿದ ಹಾಗೆ. ಕೊನೆಗೆ ಅಕ್ಕನನ್ನು ಜಗಲಿಕಟ್ಟೆಯ ಮೇಲೆ ಕೂರಿಸಿ, ರಸ್ತೆ ದಾಟಿ, ಎದುರುಮನೆಯ ತಾರಸಿಯ ಮೇಲೆ ಸ್ಟ್ಯಾಂಡು ಹೂಡಿದರು. ನಾನು ಕುರ್ಚಿ ತರಲು ಹೋದರೆ ಅಕ್ಕ, "ಕುರ್ಚಿ ಬ್ಯಾಡ, ಅದಕ್ಕಿನ್ನೂ ಟೈಮ್ ಐತೆ" ಅಂದಿದ್ದಳು. ಅವಳನ್ನು ಕೂರಿಸಿ ನಾನು ತಾರಸಿಗೆ ಓಡಿದೆ.

"ನೆಟ್ಟಗೆ ಕೂತ್ಕೊಳೇ!" ಭಾವ ಕೂಗಿದರು.

"ಥೂ! ಇಷ್ಟು ದೂರದಿಂದ ಹೆಂಡ್ತಿ ಫೋಟೊ ತೆಗೆಯೋರನ್ನ ಎಲ್ಲೂ ನೋಡಿಲ್ಲಪ್ಪ!" ಅಕ್ಕ ಕೆಳಗಿನಿಂದ. ಆ ಧ್ವನಿ ಅವಳಿಗೆ ಎಲ್ಲಿಂದ ಬಂತೋ!

"ಮಾತಾಡಬ್ಯಾಡ! ಒಂದು ನಿಮಿಷ ಬಾಯಿ ಮುಚ್ಚು!"

"ಯಾಕೆ ಮುಚ್ಲಿ? ಇನ್ನೆಷ್ಟು ದಿನ ಮಾತಾಡ್ತೀನಿ? ಗುಳಿಗೆ ತಗೊಂಡ್ರಾ ಇಲ್ವಾ? ಅಂಗಿ ಗುಂಡಿ ನೋಡ್ರಿ, ಮೇಲೆ ಕೆಳಗೆ ಹಾಕ್ಕೊಂಡೀರಿ! ನಾನು ಇಲ್ದಿದ್ರೆ ಹೆಂಗೆ ಮಾಡ್ತೀರಿ?"

ಅಕ್ಕಪಕ್ಕದವರು ಹೊರಗೆ ಬಂದು ನಗುತ್ತಿದ್ದರು. ಭಾವನ ಕೈ ಲೆನ್ಸಿನ ಮೇಲಿತ್ತು, ಲೆನ್ಸು ಅಲ್ಲಾಡಲಿಲ್ಲ. ಅಕ್ಕ ಅತ್ತ ಇತ್ತ ವಾಲಿದರೆ ಅದೂ ಬೆರಳಿನ ಇಶಾರೆಗೆ ಅವಳ ಹಿಂದೆಯೇ ತಿರುಗುತ್ತಿತ್ತು. ಬಟನ್ ಒತ್ತುತ್ತಾ ಹೋದವರು ಒಮ್ಮೆಲೇ ನಿಲ್ಲಿಸಿದರು. ಕಣ್ಣನ್ನು ಕ್ಯಾಮೆರಾದಿಂದ ತೆಗೆಯಲೇ ಇಲ್ಲ.

"ಎಷ್ಟು ಹತ್ತಿರ ಕಾಣ್ತಾಳೆ ಗೊತ್ತಾ" ಅಂದರು. "ಇಷ್ಟು ಬಡವಾಗ್ಯಾಳಲ್ಲವ್ವ. ನಾನು ನೋಡೇ ಇರ್ಲಿಲ್ಲ." ನನಗೂ ಅವರಿಗೂ ಆ ತಾರಸಿಯ ಮೇಲೆ ಅಳು ತಡೆಯಲಾಗಲಿಲ್ಲ. ಕೆಳಗೆ ಅಕ್ಕ, "ಮುಗೀತೇನ್ರೀ?" ಎಂದು ಕೂಗುತ್ತಲೇ ಇದ್ದಳು.

ಹದಿನೆಂಟು ದಿನಕ್ಕೆ ಅಕ್ಕ ಹೋದಳು. ಕುರ್ಚಿಯಲ್ಲಿ ಕೂರಿಸಿದಾಗ ಯಾರೋ ಮೊಬೈಲಿನಲ್ಲಿ ತೆಗೆದರು. ಭಾವ ಕ್ಯಾಮೆರಾ ಮುಟ್ಟಲಿಲ್ಲ.

ಈಗ ಅವರ ನಡುಮನೆಯ ಗೋಡೆಯ ಮೇಲೆ ತಾರಸಿಯಿಂದ ತೆಗೆದ ಫೋಟೊ ಇದೆ. ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದು. ಆದರೆ ಬಾಯಿ ತೆರೆದಿದೆ, ಕೈ ಬೈಯುವ ಹಾಗೆ ಮೇಲೆತ್ತಿದೆ. ನೆಂಟರೆಲ್ಲ, "ಇದೇನ್ರೀ, ಸುಮ್ನೆ ಕೂತಿರೋದು ಒಂದೂ ಇಲ್ವಾ?" ಅಂದರು. ತೆಗೆದ ನೂರರಲ್ಲಿ ಒಂದೂ ಇರಲಿಲ್ಲ.

ವರ್ಷದ ಪೂಜೆಯ ದಿನ ನಾನು ಮಲ್ಲಿಗೆ ಹಾರ ಕಟ್ಟಿಕೊಂಡು ಹೋಗಿದ್ದೆ. ಭಾವ ಫೋಟೊದ ಎದುರಿಗೆ ಕೂತಿದ್ದರು. ನಾನು ಸ್ಟೂಲು ಹತ್ತಿ ಹಾರ ಎತ್ತಿದಾಗ, ನಡುಗುವ ಕೈಯಿಂದ ನನ್ನ ಸೆರಗು ಹಿಡಿದು ತಡೆದರು.

"ಸ್ವಲ್ಪ ತಡಿಯವ್ವ" ಅಂದರು. "ಮಾತಾಡ್ತಾ ಅದಾಳೆ. ಮುಗೀಲಿ."

ನಾನು ಸ್ಟೂಲಿನಿಂದ ಇಳಿದು, ಹಾರವನ್ನು ಮಡಿಲಲ್ಲಿಟ್ಟುಕೊಂಡು ಅವರ ಪಕ್ಕದಲ್ಲಿ ಕೂತೆ.