ನಿಲ್ಲದೆ ಹೊರಡುವ ಕಂಪ್ರೆಸರ್ ಸನ್ನಿಧಾನಕ್ಕೆ

ಜಯನಗರ, ಬೆಂಗಳೂರು-೧೧
ಗುರುವಾರ, ೧೨ ನವೆಂಬರ್ ೧೯೬೪

ಜರಗನಹಳ್ಳಿಯವರಾದ ಶ್ರೀ ಚಿಕ್ಕಬೈರಪ್ಪನವರ ಇಲ್ಲಿನ ಶೆಡ್ಡಿನಲ್ಲಿ ಬಸ್ಸುಗಳಿಗೆ ಬಣ್ಣ ಊದಿಸುತ್ತಾ ವಿರಾಜಮಾನರಾಗಿರುವ, ಇಪ್ಪತ್ತು ಕುದುರೆಶಕ್ತಿಯ ಏರ್ ಕಂಪ್ರೆಸರ್ ಅವರಿಗೆ,

ಮಾನ್ಯರೇ,

ತಮ್ಮ ಹಿತ್ತಿಲಿಗೆ ಬೆನ್ನು ಹಾಕಿ ನಿಂತಿರುವ ಮನೆಯ ನಿವಾಸಿಯಾದ ನಾನು ಮಾಡುವ ಅನೇಕ ವಂದನೆಗಳು. ತಮ್ಮ ಬೆಲ್ಟು ಬಿಗಿಯಾಗಿಯೂ ಎಣ್ಣೆ ತಿಳಿಯಾಗಿಯೂ ಇದೆಯೆಂದು ನಂಬಿದ್ದೇನೆ. ಯಂತ್ರಕ್ಕೆ ಕಾಗದ ಬರೆಯುವಷ್ಟು ಇವಳಿಗೆ ಬಿಡುವಿದೆಯೇ ಎಂದು ತಾವು ಹುಬ್ಬೇರಿಸಬಾರದು. ತಮ್ಮ ಯಜಮಾನರಿಗೆ ಹೇಳಿ ನೋಡಿಯಾಯಿತು. ವಿದ್ಯುತ್ ಕಚೇರಿಗೆ ಬರೆದಾಗ, 'ತಮ್ಮ ಅಹವಾಲನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು' ಎಂಬ ಉತ್ತರ ಬಂತು. ಈ ಬಡಾವಣೆಯಲ್ಲಿ ಕರೆಂಟಿಗೆ ತಮ್ಮಷ್ಟು ಸಂಬಂಧಪಟ್ಟವರು ಬೇರೆ ಯಾರೂ ಕಾಣದ್ದರಿಂದ ನೇರವಾಗಿ ತಮ್ಮ ಗಮನಕ್ಕೇ ತರುತ್ತಿದ್ದೇನೆ.

ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಮಹಡಿಯ ಮೇಲೆ ವಾಸ. ಕೆಳಗೆ ನನ್ನ ಅಕ್ಕ, ಡಾಕ್ಟರ್ ಸೀತಾಲಕ್ಷ್ಮಿ, ಪುಟ್ಟದೊಂದು ಹೆರಿಗೆಯ ನರ್ಸಿಂಗ್ ಹೋಂ ನಡೆಸುತ್ತಾಳೆ. ಹೆರಿಗೆಯ ಕೋಣೆ ಮನೆಯ ನಡುಭಾಗದಲ್ಲಿರುವುದರಿಂದ ಹಗಲಲ್ಲೂ ಅಲ್ಲಿ ವಿದ್ಯುದ್ದೀಪ ಬೇಕು. ಹುಟ್ಟಿದ ಮಗುವಿನ ಗಂಟಲಿನ ಲೋಳೆಯನ್ನು ಹೀರಿ ತೆಗೆಯುವ ಚಿಕ್ಕ ಯಂತ್ರವೊಂದಿದೆ, ಅದಕ್ಕೂ ಕರೆಂಟು ಬೇಕು. ಗಾತ್ರದಲ್ಲಿ ಅದು ತಮ್ಮ ಮುಂದೆ ಆನೆಯ ಮುಂದಿನ ಇಲಿ. ಆದರೂ ಆ ಇಲಿಯ ಕೆಲಸ ಕೆಲವು ಕ್ಷಣ ನಿಂತರೆ ಒಂದು ಮಗು ಉಸಿರೆಳೆಯದೆ ಹೋಗಬಹುದು. ತಮ್ಮ ಕೆಲಸ ಕೆಲವು ಕ್ಷಣ ನಿಂತರೆ ಯಾವುದೋ ಬಸ್ಸಿನ ಬಾಗಿಲು ಒಂದಿಷ್ಟು ಹೊತ್ತು ಬೋಳಾಗಿರುತ್ತದೆ.

ತಾವು ಎದ್ದೇಳುವ ವೈಭವವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೋಟಾರು ಓಡುವಾಗ ತಿನ್ನುವ ಕರೆಂಟಿಗಿಂತ ಹೊರಡುವ ಕ್ಷಣದಲ್ಲಿ ಆರೇಳು ಪಟ್ಟು ಹೆಚ್ಚು ನುಂಗುತ್ತದೆಂದು ತಿಳಿದವರು ಹೇಳುತ್ತಾರೆ. ತಾವು ಹಾಗೆ ಒಂದು ಗುಕ್ಕು ನುಂಗುವಾಗ ನಮ್ಮ ಬೀದಿಯ ಬಲ್ಬುಗಳೆಲ್ಲ ಗೌರವದಿಂದ ತಲೆ ತಗ್ಗಿಸಿ ಕೆಂಡದ ಬಣ್ಣಕ್ಕೆ ಇಳಿಯುತ್ತವೆ, ಅಕ್ಕನ ಯಂತ್ರ ಮುಲುಗಿ ಸುಮ್ಮನಾಗುತ್ತದೆ, ಹೊಲಿಗೆ ಹಾಕುತ್ತಿರುವ ಅವಳ ಸೂಜಿ ಅರ್ಧದಾರಿಯಲ್ಲಿ ಕೈಕಟ್ಟಿ ನಿಲ್ಲುತ್ತದೆ. ತಮ್ಮ ತೊಟ್ಟಿಯಲ್ಲಿ ಗಾಳಿ ಕಡಿಮೆಯಾದಾಗಲೆಲ್ಲ ತಾವು ತಾವಾಗಿಯೇ ಎದ್ದೇಳುವವರಾದ್ದರಿಂದ ಈ ಸೇವೆ ದಿನವಿಡೀ ನಡೆಯುತ್ತದೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಎಂಬ ಕಬ್ಬಿಣದ ಪೆಟ್ಟಿಗೆಯೊಂದು ತಮ್ಮ ಜೊತೆಯಲ್ಲೇ ಬಂದಿದೆ. ಅದು ಮೊದಲು ತಮಗೆ ಮಿತವಾಗಿ ಕರೆಂಟು ಕೊಟ್ಟು, ತಾವು ವೇಗ ಹಿಡಿದ ಮೇಲೆ 'ಟಕ್' ಎಂದು ಒಂದು ಚಣ ಬಿಡಿಸಿ, ಆಮೇಲೆ ಪೂರ್ತಿ ಕೊಡುತ್ತದೆ. ಬೀದಿಯ ದೀಪಗಳು ತಲೆ ಎತ್ತಿಕೊಂಡೇ ಇರುತ್ತವೆ. ಆದರೆ ಮೊದಲ ದಿನ, ಕಾಯಿ ಒಡೆದು ಗುಂಡಿ ಒತ್ತಿದಾಗ ಕೇಳಿಬಂದ ಆ 'ಟಕ್' ತಮ್ಮ ಯಜಮಾನರ ಎದೆಗೇ ಬಡಿಯಿತಂತೆ. ನಾನು ವಿಚಾರಿಸಲು ಹೋದಾಗ ಅವರು ಕುರ್ಚಿ ಹಾಕಿಸಿ, ಕಾಫಿ ತರಿಸಿ, ಬಹಳ ತಾಳ್ಮೆಯಿಂದ ತಿಳಿಹೇಳಿದರು: "ಮೇಡಮ್ನೋರೆ, ನೀವು ಓದ್ದೋರು. ಹೊಸಿಲು ದಾಟ್ದೋನು ಅರ್ಧದಲ್ಲಿ ನಿಂತು ತಿರ್ಗ ಹೊಂಟ್ರೆ ಹೋದ ಕೆಲ್ಸ ಆಯ್ತದಾ? ಮಿಷಿನ್ನೂ ಅಂಗೇಯ. ಹೊಂಟ್ರೆ ಒಂದೇ ಕಿತ ಹೊಂಡ್ಬೇಕು."

ತಂತಿ ಜೋಡಿಸುವ ಮರುಳಸಿದ್ದಪ್ಪ ಆ ಪೆಟ್ಟಿಗೆಯನ್ನು ಬಿಚ್ಚಿಟ್ಟು ತಮಗೆ ನೇರವಾಗಿ ಲೈನು ಕೊಟ್ಟಿದ್ದಾನೆ. "ತಪ್ಪಲ್ಲವೇನಪ್ಪಾ?" ಎಂದು ಕೇಳಿದೆ. "ತಪ್ಪೇ ಕಣಮ್ಮ. ಆದ್ರೆ ಸಕುನ ಕೆಟ್ಟು ಬಸ್ಸಿಗೇನಾದ್ರೂ ಆದ್ರೆ ನನ್ ತಲೇಗ್ ಕಟ್ತಾರೆ. ಬಲ್ಬ್ ಕೆಟ್ರೆ ಯಾರ್ ಕೇಳ್ತಾರೆ?" ಎಂದು ಸ್ಕ್ರೂ ತಿರುವುತ್ತಲೇ ಹೇಳಿದ. ಪೆಟ್ಟಿಗೆಗೆ ಅವಮಾನವಾಗಬಾರದೆಂದು ಕಳೆದ ತಿಂಗಳ ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮವಿಟ್ಟು ಹೂವಿನ ಹಾರ ಹಾಕಿದರು. ಕೆಲಸದಿಂದ ತೆಗೆದವರಿಗೆ ಹಾರ ಹಾಕುವುದು ನಮ್ಮ ಕಾಲೇಜಿನಲ್ಲೂ ಉಂಟು.

ಪದ್ಯದ ಸಾಲಿನ ನಡುವೆ ಉಸಿರು ತೆಗೆದುಕೊಳ್ಳಲು ಒಂದು ನಿಲುಗಡೆಯಿದೆ, ಅದಕ್ಕೆ ಯತಿ ಎನ್ನುತ್ತಾರೆ. ಆ ಯತಿಯನ್ನು ಲೆಕ್ಕಿಸದೆ ಮುನ್ನುಗ್ಗುವುದೇ ಕನ್ನಡ ಕವಿಗಳ ಹೆಚ್ಚುಗಾರಿಕೆಯೆಂದು ಪ್ರತಿವರ್ಷ ಹುಡುಗಿಯರಿಗೆ ಪಾಠ ಹೇಳುತ್ತೇನೆ. ತಾವು ಆ ಪರಂಪರೆಯ ಕುಡಿಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಕವಿಗಳು ಓದುವವರ ಮನೆಯ ದೀಪವನ್ನು ಕಿತ್ತುಕೊಂಡು ಬರೆದವರಲ್ಲ.

ಈಗ ನಿಜವಾದ ಸಂಕಟಕ್ಕೆ ಬರುತ್ತೇನೆ. ತಮ್ಮ ಯಜಮಾನರು ರಾಹುಕಾಲದಲ್ಲಿ ಮಾತ್ರ ತಮ್ಮನ್ನು ಎಬ್ಬಿಸುವುದಿಲ್ಲ. ತಾವಾಗಿ ಎದ್ದುಬಿಟ್ಟೀರೆಂದು ಮೈನ್ ಸ್ವಿಚ್ಚನ್ನೇ ಇಳಿಸಿಡುತ್ತಾರೆ. ಹೀಗಾಗಿ ಹಗಲಿನಲ್ಲಿ ನಮಗೆ ಅಲುಗದ ಬೆಳಕು ಸಿಗುವುದು ಆ ಒಂದೂವರೆ ಗಂಟೆ ಮಾತ್ರ. ಹೆರಿಗೆ ಯಾರ ಮಾತನ್ನೂ ಕೇಳುವುದಿಲ್ಲ, ನಿಜ; ಆದರೆ ಗೊತ್ತುಮಾಡಿ ನಡೆಸಬಹುದಾದ ಚಿಕ್ಕ ಆಪರೇಷನ್ನುಗಳನ್ನೆಲ್ಲ ಪಂಚಾಂಗ ಮುಟ್ಟದ ನನ್ನ ಅಕ್ಕ ಈಗ ಪಂಚಾಂಗ ನೋಡಿ ರಾಹುಕಾಲದಲ್ಲೇ ಇಟ್ಟುಕೊಳ್ಳುತ್ತಾಳೆ. ಇದರ ಫಲವಾಗಿ ಬೀದಿಯಲ್ಲಿ ಅವಳಿಗೊಂದು ಹೊಸ ಹೆಸರು ಹುಟ್ಟಿದೆ: ರಾಹುಕಾಲದ ಡಾಕ್ಟರಮ್ಮ. ಹೋದ ವಾರ ಅಕ್ಕಯಮ್ಮ ಎಂಬಾಕೆ ತುಂಬಿದ ಬಸುರಿ ಸೊಸೆಯನ್ನು ನಮ್ಮ ಗೇಟಿನಿಂದಲೇ ಹಿಂದಕ್ಕೆ ಕರೆದುಕೊಂಡು ಹೋದಳು. "ಆಯಮ್ಮ ಬೇಕಂತ್ಲೇ ಕೆಟ್ಟ ಗಳಿಗೇಲಿ ಕೈ ಇಕ್ತದಂತೆ, ನಡಿಯವ್ವ" ಎಂದದ್ದು ಮಹಡಿಯವರೆಗೂ ಕೇಳಿಸಿತು. ಇನ್ನಿಬ್ಬರು ಅಕ್ಕಯಮ್ಮಂದಿರು ಬಂದು ಹಿಂತಿರುಗಿದರೆ ಅಕ್ಕ ಬಾಗಿಲು ಮುಚ್ಚಬೇಕಾಗುತ್ತದೆ, ಈ ಕಡೆಯ ಬಸುರಿಯರು ನೋವು ತಿನ್ನುತ್ತಾ ಜಟಕಾದಲ್ಲಿ ಊರೊಳಗಿನ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಆದ್ದರಿಂದ ನನ್ನ ಬಿನ್ನಹವಿಷ್ಟೆ. ತಾವು ದಯಮಾಡಿ ಆ 'ಟಕ್' ಒಂದನ್ನು ಸಹಿಸಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ದಿನಕ್ಕೆ ಹದಿನಾರು ರಾಹುಕಾಲಗಳಿರುವಂತೆ ಗ್ರಹಗಳೊಡನೆ ಮಾತಾಡಿ ಏರ್ಪಾಡು ಮಾಡಿಸಬೇಕು. ಅದೂ ಆಗದಿದ್ದರೆ, ಮಕ್ಕಳಿಗೆ ಬೇಕಾದ ಉಸಿರನ್ನು ತಮ್ಮ ತೊಟ್ಟಿಯಿಂದಲೇ ಒಂದೊಂದು ಸೇರು ಅಳೆದು ಕಳಿಸಿಕೊಡಬೇಕು. ತಮ್ಮಲ್ಲಿ ಅದಕ್ಕೆ ಬರವಿಲ್ಲ.

ತಲೆ ತಗ್ಗಿಸಿದ ಬಲ್ಬಿನ ಕೆಳಗಿನಿಂದ,
ತಮ್ಮ ವಿಶ್ವಾಸಿ,
ವಾರಿಜಾ

ವಿ.ಸೂ.: ಕಾಗದವನ್ನು ಅಂಚೆಗೆ ಹಾಕುವ ಮೊದಲು ಇಂದಿನ, ಅಂದರೆ ಶುಕ್ರವಾರದ, ಸುದ್ದಿಯನ್ನೂ ಸೇರಿಸುತ್ತೇನೆ. ತಮ್ಮ ಯಜಮಾನರ ಪತ್ನಿ ಮಂಗಮ್ಮನವರು ಬಾಣಂತನಕ್ಕೆ ಬಂದಿದ್ದ ಮಗಳನ್ನು ಹನ್ನೊಂದು ಗಂಟೆಗೆ, ಜೋರು ನೋವಿನಲ್ಲಿ, ನಮ್ಮಲ್ಲಿಗೆ ಕರೆತಂದರು. "ಡಾಕ್ಟ್ರಮ್ಮ, ರಾಹುಕಾಲ ಕಳೀಲಿ, ಹನ್ನೆಲ್ಡಕ್ಕೆ ಮಾಡ್ರವ್ವ" ಎಂದು ಕೈಮುಗಿದರು. "ಮಗು ಬರೋದು ಹನ್ನೆರಡರ ಮೇಲೇ ತಾಯಿ. ಆದ್ರೆ ಆಗ ನಿಮ್ಮ ಮಿಷಿನ್ ಏಳುತ್ತೆ, ನನ್ನ ದೀಪ ಬೀಳುತ್ತೆ" ಎಂದಳು ಅಕ್ಕ. ಮಂಗಮ್ಮನವರು ಅವಳ ಮುಖವನ್ನೊಮ್ಮೆ, ಬಲ್ಬನ್ನೊಮ್ಮೆ ನೋಡಿ, ಹಿತ್ತಿಲಿನಿಂದಲೇ ಶೆಡ್ಡಿಗೆ ಹೋದರು. ರಾಹುಕಾಲವಾದ್ದರಿಂದ ಮೈನ್ ಹೇಗೂ ಇಳಿದೇ ಇತ್ತು. ಅದರ ಪಿಂಗಾಣಿ ಫ್ಯೂಜುಗಳನ್ನು ಮೂರೂ ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು ಹೆರಿಗೆ ಕೋಣೆಯ ಬಾಗಿಲಿಗೆ ಅಡ್ಡ ಕೂತರು. ಹನ್ನೆರಡು ದಾಟಿದ ಮೇಲೆ ತಾವು ಏಳಲಿಲ್ಲವೆಂದು ಯಜಮಾನರು ಗೇಟಿನವರೆಗೂ ಬಂದು ಕೂಗಿದಾಗ, ಒಳಗೆ ಮೊಮ್ಮಗಳು ಆಗಲೇ ಅವರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು. ಮಂಗಮ್ಮನವರು ಕೂತಲ್ಲಿಂದ ಏಳದೆ ಹೇಳಿದ್ದು ಇಷ್ಟು: "ಆ ಟಕ್ ಅನ್ನೋ ಡಬ್ಬ ಜೋಡಿಸ್ಸಿ, ಆಮೇಕೆ ಫ್ಯೂಜು ಕೊಡ್ತೀನಿ."

ಮರುಳಸಿದ್ದಪ್ಪ ಸ್ಕ್ರೂಡ್ರೈವರ್ ಹಿಡಿದು ಶೆಡ್ಡಿನೊಳಗೆ ಹೋಗಿದ್ದಾನೆ. ತಾವು ನಾಳೆ ಎದ್ದಾಗ, ನಿಧಾನವಾಗಿ ಏಳಬೇಕಾಗಿ ಕೋರಿಕೆ, ಬಾಣಂತಿ ಮಲಗಿದ್ದಾಳೆ.