ಯಾರಿಗೂ ಕಾಣದ ದೀಪ

ಬಂದರಿನಲ್ಲಿ ದೋಣಿ ಸಾಮಾನಿನ ಅಂಗಡಿ ಇಟ್ಟವನು ನಗಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಗು ಬಾಗಿಲಿಗೇ ಬರುತ್ತದೆ. ನನ್ನ ಮುಖ ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಅಷ್ಟೆ. ಈಚೆಗೆ ಬೆಂಗ್ರೆಯ ಮೀನುಗಾರನೊಬ್ಬ ಮೇಲಿಂದ ಮೇಲೆ ಬಂದ.

೧. ಆಯ್ಕೆ

ಮೊದಲ ಸಲ ಅವನನ್ನು ಹೆಂಡತಿ ಎಳೆದುಕೊಂಡು ಬಂದಿದ್ದಳು. ಹಿಂದಿನ ವಾರ ಕತ್ತಲಲ್ಲಿ ಟ್ರಾಲರೊಂದು ಇವನ ಸಣ್ಣ ದೋಣಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತ್ತು. ಇನ್ನು ದೀಪ ಇಲ್ಲದೆ ದೋಣಿ ನೀರಿಗಿಳಿಯಬಾರದು ಎಂದು ಅವಳ ಹಟ.

"ಬ್ಯಾಟರಿ ದೀಪ ಕೊಡಿ ಧಣಿಗಳೇ," ಎಂದ. "ಆದರೆ ಯಾರಿಗೂ ಕಾಣಬಾರದು."

"ಎಂತ?"

"ಕಂಡರೆ ಎಲ್ಲರೂ ನನ್ನ ಹಿಂದೆ ಬರ್ತಾರೆ. ಮೀನಿರುವ ಜಾಗ ಗೊತ್ತಾಗ್ತದೆ."

"ನೀವಿರುವ ಜಾಗ ಟ್ರಾಲರಿನವನಿಗೆ ಗೊತ್ತಾಗುವುದು ಬೇಡವಾ?" ಎಂದಳು ಹೆಂಡತಿ.

ದೋಣಿಯ ಮೂತಿಗೆ, ಎದುರಿನಿಂದ ಬರುವವರಿಗೆ ಕಾಣುವ ಕೆಂಪು-ಹಸಿರಿನದ್ದು ಒಂದು, ಹಿಂದೆ ಕಂಬಕ್ಕೆ ಸುತ್ತಲೂ ಕಾಣುವ ಬಿಳಿಯದ್ದು ಒಂದು ತೆಗೆದೆ. ಉರಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿದೆ.

"ಅಯ್ಯೋ, ಹೊಸತು! ಹಾಳಾಗ್ತದೆ!" ಎಂದು ಬೊಬ್ಬೆ ಹೊಡೆದ.

"ಸಮುದ್ರಕ್ಕೆ ಕೊಂಡುಹೋಗುವುದಾ, ಶೋಕೇಸಿನಲ್ಲಿ ಇಡುವುದಾ?"

"ಇವರು ಶೋಕೇಸಿನಲ್ಲೇ ಇಡುವುದು ಅಣ್ಣ," ಎಂದಳು ಅವಳು. "ಸ್ವಿಚ್ ಇಲ್ಲದ್ದು ಉಂಟಾ?"

೨. ಎಡ, ಬಲ

ಕೆಲವು ದಿನ ಬಿಟ್ಟು ಸಿಟ್ಟಿನಲ್ಲಿ ಬಂದ.

"ಎಂತ ದೀಪ ಕೊಟ್ಟದ್ದು? ನಾನು ಮುಂದೆ ಹೋಗ್ತಾ ಇದ್ದೆ. ಹಿಂದಿದ್ದ ಫೆರಿಯವನು, ನಾನು ಅವನಿಗೆ ಎದುರು ಬರ್ತಾ ಇದ್ದೇನೆ ಅಂತ ಬೈದ!"

"ಕೆಂಪು ಎಡಕ್ಕೆ ಅಂತ ಹೇಳಿದ್ದೆನಲ್ಲ?"

"ನನ್ನ ಎಡಕ್ಕೇ ಬರುವ ಹಾಗೆ ಕೂರಿಸಿದ್ದೇನೆ."

"ಹೇಗೆ ಕೂತು?"

"ಮೂತಿಯಲ್ಲಿ ಕೂತು. ಹಿಂದಿನ ಇಂಜಿನ್ ಕಡೆ ಮುಖ ಮಾಡಿ."

ದೀಪವೂ ಇವನ ಹಾಗೆಯೇ ಹಿಂದಕ್ಕೆ ನೋಡುತ್ತಿತ್ತು.

"ಬಿಚ್ಚಿ ತಿರುಗಿಸು," ಎಂದೆ. "ಉದಾಸೀನ ಆದರೆ ದೋಣಿಯನ್ನು ಹಿಂದಕ್ಕೇ ಓಡಿಸು."

೩. ದೂರು

ಮೊನ್ನೆ ಮತ್ತೆ ಬಂದ. ಸಿಟ್ಟಿಲ್ಲ. ಮುಖ ಬಾಡಿತ್ತು. ಅಂಗಡಿಯಲ್ಲಿದ್ದ ಗಿರಾಕಿ ಹೋಗುವವರೆಗೆ ಕಾದು ನಿಂತ.

"ದೀಪ ಸರಿ ಇಲ್ಲ ಧಣಿಗಳೇ."

"ಉರಿಯುವುದಿಲ್ಲವಾ?"

"ಉರಿಯುತ್ತದೆ."

"ನೀರು ಹೊಕ್ಕಿತಾ?"

"ಇಲ್ಲ."

"ಟ್ರಾಲರಿನವನಿಗೆ ಕಾಣುವುದಿಲ್ಲವಾ?"

"ಕಾಣ್ತದೆ. ದೂರದಿಂದಲೇ ತಿರುಗಿಸಿಕೊಂಡು ಹೋಗ್ತಾನೆ. ಮನೆಯವಳಿಗೂ ಈಗ ನೆಮ್ಮದಿ."

"ಮತ್ತೆಂತ ಮಾರಾಯ?"

ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದ.

"ದಿನಾ ದೀಪ ಹಾಕಿಯೇ ಹೋಗ್ತಾ ಇದ್ದೇನೆ. ಒಬ್ಬನೂ ನನ್ನ ಹಿಂದೆ ಬರಲಿಲ್ಲ."

ಅವನು ಇನ್ನೂ ಸ್ವಲ್ಪ ಹತ್ತಿರ ಬಂದ.

"ಇದಕ್ಕಿಂತ ಜೋರಿನದ್ದು ಉಂಟಾ?"