ಅಡುಗೆಯವನ ಹೊಟ್ಟೆಗೊಂದು ಅನುಮಾನದ ಗುಳಿಗೆ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಏಳನೇ ಕ್ಲಾಸಿಗೆ. ಅದಕ್ಕೆ ನಾಚಿಕೆಯಿಲ್ಲ. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಮದುವೆ ಅಡುಗೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಡಿಗ್ರಿ ಮಾಡಿದವರೂ ನನ್ನ ಸಾರನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ನನಗಿರುವುದು ಹೆದರಿಕೆ. ದರ್ಜಿ ಹರಿದ ಅಂಗಿ ಹಾಕಿಕೊಂಡರೆ ಜನ ನಕ್ಕು ಸುಮ್ಮನಾಗುತ್ತಾರೆ. ಅಡುಗೆಯವನ ಹೊಟ್ಟೆ ಕೆಟ್ಟಿದೆ ಎಂದು ಗೊತ್ತಾದರೆ ಎಲೆ ಬಿಟ್ಟು ಏಳುತ್ತಾರೆ.

ನನ್ನದು ಕೆಟ್ಟು ವರ್ಷಗಳಾಗಿದ್ದವು. ಒಗ್ಗರಣೆ ಚಟಪಟ ಎನ್ನುವ ಹೊತ್ತಿಗೇ ಒಳಗೆ ಗುಡುಗುಡು. ಹೊಸ ಛತ್ರಕ್ಕೆ ಹೋದರೆ ನಾನು ಮೊದಲು ನೋಡುತ್ತಿದ್ದುದು ಒಲೆಯನ್ನಲ್ಲ, ಹಿಂಬಾಗಿಲಿನಿಂದ ಪಾಯಿಖಾನೆ ಎಷ್ಟು ದೂರ ಎಂಬುದನ್ನು. ಎಲ್ಲ ಪರೀಕ್ಷೆ ಮಾಡಿದ ಡಾಕ್ಟರು, "ಇದು ಅಂಟೋ ಕಾಯಿಲೆ ಅಲ್ರೀ, ಕರುಳಿಗೆ ಸಿಟ್ಟು ಜಾಸ್ತಿ, ಅಷ್ಟೆ. ಹೊಸ ಔಷಧಿ ಒಂದನ್ನ ಪರೀಕ್ಷೆ ಮಾಡ್ತಿದೀವಿ, ಸೇರ್ತೀರಾ? ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಹಾಗೇ ಕಾಣೋ ಖಾಲಿ ಗುಳಿಗೆ. ಹೋಲಿಸಿ ನೋಡಿದ್ರೇನೇ ಔಷಧಿ ಯೋಗ್ಯತೆ ಗೊತ್ತಾಗೋದು" ಎಂದರು.

"ನನಗೆ ಯಾವುದು ಸಾರ್?"

"ನಂಗೂ ಗೊತ್ತಿಲ್ಲ. ಗೊತ್ತಿರಬಾರದು."

ಸಾರಿಗೆ ಉಪ್ಪು ಹಾಕಿದ್ದೀನೋ ಇಲ್ಲವೋ ನನಗೂ ಗೊತ್ತಿಲ್ಲ ಎಂದು ನಾನು ಹೇಳಿದರೆ ಯಾರಾದರೂ ಎಲೆ ಮುಂದೆ ಕೂರುತ್ತಾರೆಯೇ? ಆದರೂ ಒಪ್ಪಿದೆ. ಕೆಲವು ವಾರದಲ್ಲೇ ಹೊಟ್ಟೆ ತಣ್ಣಗಾಯಿತು. ನಿಜವಾದ ಭಯ ಶುರುವಾದದ್ದು ಆಗ. ವಾಸಿ ಮಾಡಿದ್ದು ಯಾವುದು? ತಡೆಯಲಾರದೆ ಹೊಸಮನೆ ಬಡಾವಣೆಯ ನಮ್ಮ ಅಡುಗೆಮನೆಯಲ್ಲೇ ಒಂದು ಗುಳಿಗೆ ಬಿಚ್ಚಿ ಪುಡಿಯನ್ನು ನಾಲಿಗೆಗೆ ಹಚ್ಚಿದೆ. ಕಹಿಯೇ ಇಲ್ಲ. ಸಪ್ಪೆ ಸಿಹಿ, ಹಾಲಿನ ಪುಡಿಯ ಹಾಗೆ.

"ಖಾಲಿ ಕೊಟ್ಟಿದಾರೆ ಕಣೇ!" ಎಂದೆ ಹೆಂಡತಿಗೆ.

ನಾಗವೇಣಿ ಕೊತ್ತಂಬರಿ ಸೋಸುತ್ತಲೇ, "ಖಾಲಿ ಗುಳಿಗೆಗೆ ವಾಸಿ ಆಗೋ ಹೊಟ್ಟೆ, ಖಾಲಿ ಹೆದರಿಕೆಗೇ ಕೆಟ್ಟಿರಬೇಕು ಬಿಡಿ" ಎಂದಳು.

ಡಾಕ್ಟರ ಹತ್ತಿರ ಓಡಿದೆ. "ಔಷಧಿ ಇರೋದ್ರಲ್ಲೂ ಅದೇ ಪುಡಿ ತುಂಬಿರ್ತಾರೆ ಮಾರಾಯ್ರೆ! ನಾಲಿಗೆಗೆ ಗೊತ್ತಾಗೋ ಹಾಗಿದ್ರೆ ನಮಗ್ಯಾಕೆ ಇಷ್ಟೆಲ್ಲ ಒದ್ದಾಟ?" ಎಂದು ಬೈದರು. ನಲ್ಲಿ ನೀರಿನ ರುಚಿ ನೋಡಿ ಬೇಳೆ ಬೇಯುತ್ತದೋ ಇಲ್ಲವೋ ಹೇಳುವ ನಾಲಿಗೆ ನನ್ನದು. ಅದಕ್ಕೆ ಆ ದಿನ ಆದ ಅವಮಾನ ಅಷ್ಟಿಷ್ಟಲ್ಲ.

ಅದೇ ವಾರ ಭದ್ರಾವತಿಯ ಕಾಗದನಗರದಲ್ಲಿ ಮದುವೆ. ಕಡೆಯ ಪಂಕ್ತಿಗೆ ಹುಡುಗಿಯ ಸೋದರಮಾವ ನನ್ನ ಕೈ ಹಿಡಿದು ಎಳೆದರು. "ಬನ್ನಿ ಭಟ್ರೇ, ಕೂತ್ಕೊಳ್ಳಿ. ಮಾಡಿದೋರೇ ತಿನ್ನದಿದ್ರೆ ನಮಗೆ ಅನುಮಾನ!" ಸಾಲಿಗೆ ಸಾಲೇ ನಕ್ಕಿತು. ಬೆವರುತ್ತಾ ಕೂತೆ. ತುಪ್ಪ ಸುರಿದ ಒಬ್ಬಟ್ಟು ನುಂಗಿ, ಒಳಗಿನ ಗುಡುಗಿಗೆ ಕಿವಿಗೊಟ್ಟೆ. ಮಜ್ಜಿಗೆ ಬಂತು, ಗುಡುಗು ಬರಲಿಲ್ಲ.

ಮೊನ್ನೆ ಡಾಕ್ಟರು ಫೋನ್ ಮಾಡಿದ್ದರು: "ಪರೀಕ್ಷೆ ಮುಗೀತು. ಯಾರಿಗೆ ಯಾವುದು ಅಂತ ಈಗ ಗೊತ್ತಾಗಿದೆ, ಬನ್ನಿ, ಹೇಳ್ತೀನಿ." ನಾನು ಹೋಗಿಲ್ಲ. ಔಷಧಿ ಎಂದರೆ, ಗುಳಿಗೆ ಮುಗಿದಿದೆ, ಮುಂದೇನು ಗತಿ? ಖಾಲಿ ಎಂದರೆ, ನಾಗವೇಣಿಗೆ ಏನು ಹೇಳಲಿ? ಸದ್ಯಕ್ಕೆ ನನ್ನ ಬಳಿ ಇರುವುದು ಕೊಪ್ಪರಿಗೆ ನಾಲ್ಕು, ಸೌಟು ಒಂಬತ್ತು, ಒಪ್ಪಿಕೊಂಡ ಮದುವೆ ಎರಡು, ಸುಮ್ಮನಿರುವ ಹೊಟ್ಟೆ ಒಂದು.